ರಿಯಾಯಿತಿಯ ಜೊತೆಗೆ ಕಿಲೋ ದರವನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ನಮ್ಮ ಊರಿಗೆ ಬಂದಿರುವ ರಿಯಾಯಿತಿ ದರದ ದಿನಸಿ ಮಳಿಗೆಯ ಬಗ್ಗೆ ನಿಮ್ಮ ವಾಚಕರ ಅಂಕಣದಲ್ಲಿ ಸಾಕಷ್ಟು ಚರ್ಚೆಯಾಗಿದೆ. ಇದರಿಂದ ಓಣಿಯ ಕಿರಾಣಿ ಅಂಗಡಿಗಳು ಬಾಗಿಲು ಹಾಕಬೇಕಾಗುತ್ತದೆ ಎಂದು ಒಬ್ಬರು ಬರೆದರೆ, ಬಡವರ ಕೈಯಲ್ಲಿ ನಾಲ್ಕು ಕಾಸು ಉಳಿದರೆ ಯಾರಿಗೇನು ಕಷ್ಟ ಎಂದು ಇನ್ನೊಬ್ಬರು ಕೇಳಿದ್ದಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಆ ಮಳಿಗೆಯೊಳಗೆ ಹೋಗಿ, ಎಣ್ಣೆ ಬೇಳೆಗಳ ಎದುರು ನಿಂತು ಲೆಕ್ಕ ಹಾಕುವವರ ಕಡೆಯಿಂದ ಒಂದು ಪತ್ರವೂ ಬಂದಂತಿಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದ್ದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ಕುಮಟಾದಲ್ಲಿ ನಾನು ಊಟದ ಡಬ್ಬಿ ಕೊಡುವ ಕೆಲಸ ಮಾಡಿಕೊಂಡಿದ್ದೇನೆ. ಬೇರೆ ಊರಿನಿಂದ ವರ್ಗವಾಗಿ ಬಂದ ಬ್ಯಾಂಕಿನವರು, ಕಾಲೇಜಿನವರು, ಮಕ್ಕಳು ದೂರದಲ್ಲಿರುವ ವಯಸ್ಸಾದ ದಂಪತಿಗಳು ನನ್ನ ಗಿರಾಕಿಗಳು. ಅನ್ನ, ಸಾರು, ಒಂದು ಪಲ್ಯ, ಮಜ್ಜಿಗೆ. ಬೇಕೆಂದವರಿಗೆ ಮೀನಿನ ಸಾರು. ಡಬ್ಬಿಯ ದರವನ್ನು ಹತ್ತು ರೂಪಾಯಿ ಏರಿಸಿದರೆ ಗಿರಾಕಿ ಕೈತಪ್ಪುತ್ತಾರೆ. ಎಣ್ಣೆಯ ಬೆಲೆ ಏರಿತೆಂದು ನಾನು ಯಾರಲ್ಲೂ ಹೇಳಿಕೊಳ್ಳುವಂತಿಲ್ಲ. ಹಾಗಾಗಿ ತಿಂಗಳ ಕೊನೆಯಲ್ಲಿ ನನಗೆ ದಕ್ಕುವ ಹಣ ಎಷ್ಟೆಂಬುದು ಸಾಮಾನು ಕೊಳ್ಳುವಾಗಲೇ ನಿರ್ಧಾರವಾಗಿಬಿಡುತ್ತದೆ.

ಮೊದಲು ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತೇನೆ. ರಿಯಾಯಿತಿ ಮಳಿಗೆಯಲ್ಲಿ ಹಣ ಉಳಿಯುತ್ತದೆ. ಚಹಾಪುಡಿ, ಬಟ್ಟೆಯ ಸಾಬೂನು, ಪಾತ್ರೆ ತಿಕ್ಕುವ ಸಾಬೂನು, ಹಲ್ಲಿನ ಪೇಸ್ಟು, ಪೊಟ್ಟಣದ ಎಣ್ಣೆ, ರವೆ, ಗೋಧಿಹಿಟ್ಟು, ಇವನ್ನೆಲ್ಲ ಅಲ್ಲಿ ತಂದಾಗ ಗರಿಷ್ಠ ಮಾರಾಟ ಬೆಲೆಗಿಂತ ಸಾಕಷ್ಟು ಕಡಿಮೆಯೇ ಬೀಳುತ್ತದೆ. ಗರಿಷ್ಠ ಬೆಲೆಯೆಂದರೆ ಅದಕ್ಕಿಂತ ಮೇಲೆ ಮಾರಬಾರದು ಎಂದಷ್ಟೇ. ಕೆಳಗೆ ಎಷ್ಟಕ್ಕೆ ಬೇಕಾದರೂ ಮಾರಬಹುದು. ಓಣಿಯ ಅಂಗಡಿಯವರು ಮುದ್ರಿತ ಬೆಲೆಯನ್ನೇ ತೆಗೆದುಕೊಳ್ಳುವುದು ಅತಿಯಾಸೆಯಿಂದ ಎಂದು ನಾನು ಹೇಳುವುದಿಲ್ಲ. ಅವರಿಗೆ ವಿತರಕರು ಕೊಡುವ ಲಾಭದ ಅಂತರವೇ ಸಣ್ಣದು. ದೊಡ್ಡ ಮಳಿಗೆಯವರು ಲಾರಿಗಟ್ಟಲೆ ಸರಕು ಎತ್ತುತ್ತಾರೆ, ಕಂಪನಿಗೆ ಬೇಗ ಹಣ ಕೊಟ್ಟು ದರ ಇಳಿಸಿಕೊಳ್ಳುತ್ತಾರೆ, ಬೇಗ ಖಾಲಿಯಾಗುವ ಮಾಲನ್ನೇ ಇಡುತ್ತಾರೆ. ಬೇಳೆ, ಸಕ್ಕರೆಯಲ್ಲಿ ಅವರಿಗೆ ಸಿಗುವ ಲಾಭ ತೀರಾ ಕಡಿಮೆ. ಅದಕ್ಕೆಂದು ಬಂದವರು ಮೇಲಿನ ಮಹಡಿಗೆ ಹತ್ತಿ ಒಂದು ಪ್ಲಾಸ್ಟಿಕ್ ಬುಟ್ಟಿ, ಎರಡು ಟವೆಲ್, ಮಗುವಿಗೊಂದು ಅಂಗಿ ಹಿಡಿದುಕೊಂಡು ಇಳಿದರೆ ಅಂಗಡಿಗೆ ಲಾಭ ಅಲ್ಲಿ ಹುಟ್ಟುತ್ತದೆ. ಇದರಲ್ಲಿ ಮೋಸವೇನೂ ಇಲ್ಲ, ಅದು ವ್ಯಾಪಾರ. ಬರೆದುಕೊಂಡು ಹೋದ ಚೀಟಿಯಲ್ಲಿರುವುದನ್ನು ಮಾತ್ರ ಕೊಂಡು ಹೊರಗೆ ಬರುವವರಿಗೆ ಆ ಮಳಿಗೆ ನಿಜವಾಗಿಯೂ ಅನುಕೂಲ.

ನನ್ನ ತಕರಾರು ಇರುವುದು ಬೇರೆ ಕಡೆ. ಅಲ್ಲಿ ಯಾವ ಸರಕು ಅಗ್ಗ, ಯಾವುದು ತುಟ್ಟಿ ಎಂದು ಸಾಮಾನ್ಯ ಗಿರಾಕಿಗೆ ತಿಳಿಯುವುದೇ ಇಲ್ಲ. ತಿಳಿಯುವ ಹಾಗೆ ಬರೆದಿಲ್ಲ.

ಎಣ್ಣೆಯನ್ನೇ ನೋಡಿ. ನಮ್ಮಲ್ಲಿ ಒಗ್ಗರಣೆಗೆ, ಮೀನಿಗೆ ತೆಂಗಿನೆಣ್ಣೆ. ಅದನ್ನು ನಾನು ಗಾಣದಿಂದಲೇ ತರುತ್ತೇನೆ. ಕರಿಯಲಿಕ್ಕೆ ಮಾತ್ರ ಸೂರ್ಯಕಾಂತಿ ಎಣ್ಣೆ. ಕಳೆದ ತಿಂಗಳು ಅದರ ಎರಡು ಪೊಟ್ಟಣಗಳು ಅಕ್ಕಪಕ್ಕದಲ್ಲಿದ್ದವು. ನೋಡಲಿಕ್ಕೆ ಒಂದೇ ಎತ್ತರ, ಒಂದೇ ಅಗಲ. ಒಂದರ ಕೆಳಗೆ 138 ರೂಪಾಯಿ, ಇನ್ನೊಂದರ ಕೆಳಗೆ 148 ರೂಪಾಯಿ ಎಂಬ ಹಳದಿ ಚೀಟಿ. ನನ್ನ ಕಣ್ಣೆದುರೇ ಬಂದವರೆಲ್ಲ 138ರದ್ದನ್ನು ಎತ್ತಿಕೊಂಡು ಹೋದರು. ನಾನು ಹಿಂದೆ ತಿರುಗಿಸಿ ನೋಡಿದೆ. ಅಗ್ಗದ ಪೊಟ್ಟಣದಲ್ಲಿದ್ದದ್ದು 800 ಗ್ರಾಂ. ಇನ್ನೊಂದರಲ್ಲಿ ಒಂದು ಲೀಟರ್, ಅಂದರೆ 910 ಗ್ರಾಂ. ಲೆಕ್ಕ ಹಾಕಿದರೆ ಮೊದಲನೆಯದು ಕಿಲೋಗೆ 172 ರೂಪಾಯಿ 50 ಪೈಸೆ. ಎರಡನೆಯದು ಕಿಲೋಗೆ 163 ರೂಪಾಯಿಯೊಳಗೆ. ಹತ್ತು ರೂಪಾಯಿ ಉಳಿಯಿತೆಂದುಕೊಂಡು ಹೋದವರು ಪ್ರತಿ ಕಿಲೋಗೆ ಸುಮಾರು ಹತ್ತು ರೂಪಾಯಿ ಹೆಚ್ಚೇ ಕೊಟ್ಟು ಹೋದರು. ಅವರಲ್ಲಿ ಇಬ್ಬರು ಅಜ್ಜಿಯಂದಿರಿದ್ದರು. ಕನ್ನಡಕ ಹಾಕಿದರೂ ಪೊಟ್ಟಣದ ಹಿಂದಿನ ಆ ಅಕ್ಷರಗಳನ್ನು ಅವರು ಓದಲಾರರು. ಅವು ಅಷ್ಟು ಸಣ್ಣವು, ಮೇಲಾಗಿ ಇಂಗ್ಲಿಷಿನಲ್ಲಿವೆ.

ಇಂಥ ವಿಚಿತ್ರ ತೂಕಗಳು ಹೇಗೆ ಬಂದವು ಎಂದು ನಾನು ವಿಚಾರಿಸಿ, ಓದಿ ತಿಳಿದುಕೊಂಡೆ. ಪೊಟ್ಟಣದ ಸರಕುಗಳಿಗೆ 2011ರ ಕಾನೂನು ಮಾಪನ ನಿಯಮಗಳಿವೆ. ಚಹಾ, ಬಿಸ್ಕತ್ತು, ಎಣ್ಣೆ, ಹಿಟ್ಟು, ಉಪ್ಪು, ಸಾಬೂನು ಮುಂತಾದವನ್ನು ಇಂತಿಷ್ಟೇ ತೂಕದಲ್ಲಿ ಕಟ್ಟಬೇಕೆಂಬ ಪಟ್ಟಿ ಮೊದಲು ಆ ನಿಯಮಗಳಲ್ಲಿತ್ತು. 2021ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನು ತೆಗೆದುಹಾಕಿದರು. ಈಗ ಕಂಪನಿಯವರು 800 ಗ್ರಾಂ ಕಟ್ಟಬಹುದು, 870 ಗ್ರಾಂ ಬೇಕಾದರೂ ಕಟ್ಟಬಹುದು. ಗ್ರಾಹಕನಿಗೆ ತೊಂದರೆಯಾಗಬಾರದೆಂದು ಅದರ ಬದಲಿಗೆ ಒಂದು ಘಟಕದ ಬೆಲೆಯನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂದು ಹೇಳಿದರು. ಕಿಲೋಗಿಂತ ಕಡಿಮೆಯಿದ್ದರೆ ಗ್ರಾಂ ಲೆಕ್ಕದಲ್ಲಿ, ಹೆಚ್ಚಿದ್ದರೆ ಕಿಲೋ ಲೆಕ್ಕದಲ್ಲಿ. ದ್ರವವಾದರೆ ಮಿಲಿಲೀಟರ್ ಅಥವಾ ಲೀಟರ್ ಲೆಕ್ಕದಲ್ಲಿ.

ಉದ್ದೇಶ ಒಳ್ಳೆಯದೇ. ಆದರೆ ಅಂಗಡಿಯಲ್ಲಿ ನಿಂತವರಿಗೆ ಅದರಿಂದ ಏನು ಪ್ರಯೋಜನವಾಯಿತು? ನಾನು ಹೇಳಿದ 800 ಗ್ರಾಂ ಪೊಟ್ಟಣದ ಗರಿಷ್ಠ ಬೆಲೆ 165 ರೂಪಾಯಿ. ಅದರ ಮೇಲೆ ಗ್ರಾಂಗೆ 0.21 ರೂಪಾಯಿ ಎಂದು ಬರೆದಿತ್ತು. ಗ್ರಾಂಗೆ ಇಪ್ಪತ್ತೊಂದು ಪೈಸೆ ಎಂದರೆ ಅದು ಕಡಿಮೆಯೋ ಹೆಚ್ಚೋ ಎಂದು ನಮ್ಮಲ್ಲಿ ಯಾರಿಗೆ ಹೊಳೆಯುತ್ತದೆ? ಪಕ್ಕದ ಪೊಟ್ಟಣ ಸರಿಯಾಗಿ ಒಂದು ಲೀಟರ್ ಇರುವುದರಿಂದ ಅದರ ಗರಿಷ್ಠ ಬೆಲೆಯೇ ಲೀಟರಿನ ಬೆಲೆ. ಒಂದರ ಮೇಲೆ ಗ್ರಾಂ, ಇನ್ನೊಂದರ ಮೇಲೆ ಲೀಟರ್, ಹೋಲಿಸುವುದು ಹೇಗೆ? ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಪೊಟ್ಟಣದ ಮೇಲಿನ ಈ ಲೆಕ್ಕ ಗರಿಷ್ಠ ಬೆಲೆಯನ್ನು ಹಿಡಿದು ಮಾಡಿದ್ದು. ರಿಯಾಯಿತಿ ಮಳಿಗೆಯಲ್ಲಿ ಆ ಬೆಲೆಗೆ ಯಾರೂ ಕೊಳ್ಳುವುದಿಲ್ಲ. ಒಂದಕ್ಕೆ ಇಪ್ಪತ್ತು ರೂಪಾಯಿ ಕಡಿತ, ಇನ್ನೊಂದಕ್ಕೆ ಮೂವತ್ತೈದು ಕಡಿತ ಎಂದ ಮೇಲೆ ಮುದ್ರಿಸಿದ ಘಟಕ ಬೆಲೆಗೆ ಅರ್ಥವೇ ಉಳಿಯುವುದಿಲ್ಲ. ಕಡಿತದ ನಂತರ ಕಿಲೋಗೆ ಎಷ್ಟು ಬಿತ್ತು ಎಂಬುದನ್ನು ಅಂಗಡಿಯವರೇ ಹಲಗೆಯ ಮೇಲೆ ಬರೆಯಬೇಕು. ಬೇರೆ ಯಾರೂ ಅದನ್ನು ಬರೆಯಲಾರರು.

ನಾನು ಕೇಳುವುದು ಇಷ್ಟನ್ನೇ. ಬೆಲೆಯ ಚೀಟಿಯಲ್ಲಿ “138 ರೂಪಾಯಿ” ಎಂದು ಬರೆಯುವ ಜಾಗದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, “ಕಿಲೋಗೆ 172.50” ಎಂದು ಕನ್ನಡದಲ್ಲಿ ಬರೆಯಲಿ. ಎಣ್ಣೆಗಳಿಗೆಲ್ಲ ಕಿಲೋ ಲೆಕ್ಕವೇ ಇರಲಿ. ಒಂದಕ್ಕೆ ಲೀಟರ್, ಒಂದಕ್ಕೆ ಗ್ರಾಂ ಬೇಡ. ಯುರೋಪಿನ ಒಕ್ಕೂಟದ ದೇಶಗಳಿಗೆ 1998ರ ನಿರ್ದೇಶನದಲ್ಲೇ ಈ ವ್ಯವಸ್ಥೆಯನ್ನು ಹೇಳಲಾಗಿದೆ. ಆಸ್ಟ್ರೇಲಿಯಾದಲ್ಲಿ ದೊಡ್ಡ ದಿನಸಿ ಮಳಿಗೆಗಳಿಗೆ 2009ರಿಂದ ಇದು ಕಡ್ಡಾಯ. ಅಂಗಡಿಯ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ನಮ್ಮ ಸರ್ಕಾರ ಕಾನೂನು ತಿದ್ದಿತು, ಒಳ್ಳೆಯದಾಯಿತು. ಹೊರಗಿನ ಫಲಕದಷ್ಟೇ ಒಳಗಿನ ಬೆಲೆಚೀಟಿಯೂ ಕನ್ನಡದಲ್ಲಿರಬೇಕಾದದ್ದು ಅಗತ್ಯ. ಎಲ್ಲ ದರವೂ ಕಂಪ್ಯೂಟರಿನಲ್ಲೇ ಇದೆ, ಚೀಟಿಯನ್ನು ಯಂತ್ರವೇ ಮುದ್ರಿಸುತ್ತದೆ. ಒಂದು ಸಾಲು ಸೇರಿಸಲಿಕ್ಕೆ ಎಷ್ಟು ಖರ್ಚಾದೀತು?

ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗ ಎಂಬ ನಂಬಿಕೆಯನ್ನೂ ಈ ಒಂದು ಸಾಲು ಸರಿಪಡಿಸುತ್ತದೆ. ಎಷ್ಟೋ ಶಾಂಪೂಗಳಲ್ಲಿ ಒಂದೆರಡು ರೂಪಾಯಿಯ ಸಣ್ಣ ಪೊಟ್ಟಣವೇ ಬಾಟಲಿಗಿಂತ ಅಗ್ಗ ಬೀಳುತ್ತದೆ. ಹತ್ತು ರೂಪಾಯಿಯ ಬಿಸ್ಕತ್ತು ವರ್ಷಗಟ್ಟಲೆ ಹತ್ತೇ ರೂಪಾಯಿಗೆ ನಿಂತಿದೆ, ಒಳಗಿನ ತೂಕ ಮಾತ್ರ ಕರಗುತ್ತ ಬಂದಿದೆ. “ಒಂದು ಕೊಂಡರೆ ಒಂದು ಉಚಿತ” ಎಂದಲ್ಲಿ ಎರಡರ ತೂಕವನ್ನೂ ಕೂಡಿಸಿ ಭಾಗಿಸಿ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸಾಬೂನು, ಹಲ್ಲಿನ ಪೇಸ್ಟು, ಬಿಸ್ಕತ್ತುಗಳ ಜಿಎಸ್‌ಟಿ ಶೇ 18ರಿಂದ 5ಕ್ಕೆ, ತುಪ್ಪ ಬೆಣ್ಣೆಗಳದ್ದು ಶೇ 12ರಿಂದ 5ಕ್ಕೆ ಇಳಿಯಿತು. ಆಗ ಒಂದು ಅಂಗಡಿಯಲ್ಲಿ ಸರ್ಕಾರ ಇಳಿಸಿದ ತೆರಿಗೆಯನ್ನೇ ತಮ್ಮ ಹಬ್ಬದ ರಿಯಾಯಿತಿ ಎಂಬಂತೆ ಫಲಕ ಹಾಕಿದ್ದನ್ನು ಕಂಡು ನನಗೆ ಬಹಳ ಬೇಸರವಾಯಿತು. ಹಿಂದಿನ ತಿಂಗಳ ಕಿಲೋ ದರ ಗಿರಾಕಿಗೆ ನೆನಪಿದ್ದರೆ ಅಂಥ ಫಲಕ ಹಾಕುವ ಧೈರ್ಯ ಯಾರಿಗೂ ಬರುವುದಿಲ್ಲ.

ಈಗ ಕಿರಾಣಿ ಅಂಗಡಿಯವರ ವಿಷಯ. ಅವರ ಪರವಾಗಿ ಬರೆದವರು “ಊರಿನ ಅಂಗಡಿಯನ್ನು ಉಳಿಸಿ” ಎಂದು ನಮ್ಮ ಕರುಣೆಯನ್ನು ಬೇಡುತ್ತಾರೆ. ಕರುಣೆಯ ಅಗತ್ಯವೇ ಇಲ್ಲದಷ್ಟು ಸಂಗತಿಗಳಲ್ಲಿ ಆ ಅಂಗಡಿಗಳು ನಿಜವಾಗಿ ಅಗ್ಗ. ಅದನ್ನು ಅವರೇ ಹೇಳಿಕೊಳ್ಳುತ್ತಿಲ್ಲ.

ತೊಗರಿಬೇಳೆ, ಉದ್ದಿನಬೇಳೆ, ಅಕ್ಕಿಯನ್ನು ಹೆಸರು ಅಚ್ಚಾದ ಪೊಟ್ಟಣದಲ್ಲಿ ಕೊಂಡರೆ 25 ಕಿಲೋವರೆಗೆ ಶೇ 5ರ ಜಿಎಸ್‌ಟಿ ಇದೆ. 2022ರ ಜುಲೈ 18ರಿಂದ ಬಂದ ನಿಯಮ ಅದು. ಮಾರುಕಟ್ಟೆಯಲ್ಲಿ 26 ಕಿಲೋ ಅಕ್ಕಿಯ ಚೀಲ ಕಾಣಿಸಿಕೊಂಡದ್ದು ಆಮೇಲೆಯೇ. ನಮ್ಮ ಓಣಿಯ ಅಂಗಡಿಯವರು ಗೋಣಿಚೀಲ ಬಿಚ್ಚಿ ತಕ್ಕಡಿಯಲ್ಲಿ ತೂಗಿ ಕೊಡುವ ಬೇಳೆಗೆ ಆ ತೆರಿಗೆ ಇಲ್ಲ. ಮೇಲಾಗಿ ಆ ಬೇಳೆಯನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಬಹುದು. ನಾನು ನಾಲ್ಕು ಕಾಳನ್ನು ಉಗುರಿನಿಂದ ಒತ್ತುತ್ತೇನೆ, ಮೂಸುತ್ತೇನೆ, ಹುಡಿ ಎಷ್ಟು ಅಂಟಿಕೊಂಡಿತೆಂದು ಅಂಗೈ ನೋಡಿಕೊಳ್ಳುತ್ತೇನೆ. ಹಳೆಯ ಬೇಳೆಯಾದರೆ ಕುಕ್ಕರಿನಲ್ಲಿ ಎರಡು ಸೀಟಿ ಹೆಚ್ಚು ಬೇಕು; ಗ್ಯಾಸಿನ ಖರ್ಚು ಬೇಳೆಯ ಖರ್ಚಿಗೆ ಸೇರುತ್ತದೆ. ಅಂಟಿಸಿದ ಪೊಟ್ಟಣದಲ್ಲಿ ಇದಾವುದೂ ತಿಳಿಯುವುದಿಲ್ಲ. ಹಾಗಾಗಿ ಬೇಳೆ, ಅಕ್ಕಿ, ಬೆಲ್ಲ, ಹುಣಸೆಹಣ್ಣು, ಬ್ಯಾಡಗಿ ಮೆಣಸು, ಕೊತ್ತಂಬರಿ ಬೀಜ ನನಗೆ ಇಂದಿಗೂ ಓಣಿಯ ಅಂಗಡಿಯಿಂದಲೇ. ನನ್ನ ಡಬ್ಬಿಗೆ ಬೇಕಾದ ಕುಚ್ಚಲಕ್ಕಿಯೂ ಅಲ್ಲಿಂದಲೇ. ಉಪ್ಪಿನಕಾಯಿಗೆ ಸಾಣಿಕಟ್ಟೆಯ ಕಲ್ಲುಪ್ಪು, ಬೇಸಿಗೆ ಬಂತೆಂದರೆ ಹೆದ್ದಾರಿಯ ಬದಿಯಲ್ಲಿ ಜಡೆಯಂತೆ ಹೆಣೆದು ತೂಗುಹಾಕುವ ನಮ್ಮ ಕುಮಟಾದ ಸಿಹಿ ಈರುಳ್ಳಿ, ಬುಧವಾರದ ಸಂತೆಯ ಬಸಳೆ, ಹರಿವೆ, ಇವನ್ನು ಹವಾನಿಯಂತ್ರಿತ ಮಳಿಗೆಯಲ್ಲಿ ಹುಡುಕುವುದು ನನ್ನ ದೃಷ್ಟಿಯಲ್ಲಿ ನಷ್ಟದ ವ್ಯಾಪಾರ.

ಹಾಗೆಂದು ಕಿರಾಣಿ ಅಂಗಡಿಯ ಲೆಕ್ಕವೂ ತೆರೆದಿಟ್ಟಂತಿಲ್ಲ. ಅಲ್ಲಿ ದರದ ಹಲಗೆಯೇ ಇರುವುದಿಲ್ಲ. ಒಬ್ಬರಿಗೊಂದು ದರ, ಇನ್ನೊಬ್ಬರಿಗೊಂದು ದರ ಎಂಬ ಅನುಮಾನ ಗಿರಾಕಿಯ ಮನಸ್ಸಿನಲ್ಲಿ ಉಳಿಯುತ್ತದೆ. ಆ ಅನುಮಾನವೇ ಅವರನ್ನು ದೊಡ್ಡ ಮಳಿಗೆಯ ಕಡೆ ಅಟ್ಟುತ್ತಿದೆ. ತಮ್ಮ ಬೇಳೆ ಕಿಲೋಗೆ ಎಷ್ಟೆಂದು ಬಾಗಿಲಲ್ಲೇ ಬರೆದು ಹಾಕಿದರೆ ಎಷ್ಟೋ ಸಾಮಾನುಗಳಲ್ಲಿ ಅವರೇ ಗೆಲ್ಲುತ್ತಾರೆ ಎಂದು ನಾನು ಖಚಿತವಾಗಿ ನಂಬಿದ್ದೇನೆ.

ಉದ್ರಿಯ ಮಾತನ್ನೂ ಹೇಳಲೇಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಬಂದರಿನ ಕೆಲಸವನ್ನೇ ನಂಬಿದ ಮನೆಗಳಲ್ಲಿ ಕೈಯಲ್ಲಿ ಕಾಸಿರುವುದಿಲ್ಲ. ಆಗ ಅಕ್ಕಿ ಕೊಡುವವರು ಓಣಿಯ ಅಂಗಡಿಯವರೇ. ಪುಸ್ತಕದಲ್ಲಿ ಬರೆದುಕೊಂಡು ಆಗಸ್ಟಿನ ನಂತರ ತೆಗೆದುಕೊಳ್ಳುತ್ತಾರೆ. ರಿಯಾಯಿತಿ ಮಳಿಗೆಯಲ್ಲಿ ಈ ಸೌಲಭ್ಯ ಇಲ್ಲ, ಇರಲಿಕ್ಕೂ ಸಾಧ್ಯವಿಲ್ಲ. ಕೈಯಲ್ಲಿ ನಗದು ಇದ್ದವರಿಗೆ ಮಾತ್ರ ಅಲ್ಲಿಯ ಉಳಿತಾಯ. ಎಲ್ಲಕ್ಕಿಂತ ಹೆಚ್ಚು ಅಗ್ಗದ ಸಾಮಾನು ಬೇಕಾದವರಿಗೇ ಅದು ಸಿಗದೇ ಹೋಗುತ್ತದೆ ಎಂಬುದು ನನ್ನನ್ನು ಬಹಳ ನೋಯಿಸುವ ಸಂಗತಿ. ಇದಕ್ಕೆ ಮಹಿಳಾ ಸ್ವಸಹಾಯ ಸಂಘಗಳು ದಾರಿ ಮಾಡಬಹುದು. ಮೇ ತಿಂಗಳಲ್ಲಿ ಸಂಘದ ಉಳಿತಾಯದಿಂದ ಹತ್ತು ಮನೆಗಳಿಗೆ ಒಟ್ಟಿಗೆ ಬೇಳೆ, ಎಣ್ಣೆ, ಸಾಬೂನು ತಂದು ಹಂಚಿಕೊಂಡು, ಸದಸ್ಯರು ಕಂತಿನಲ್ಲಿ ತೀರಿಸುವುದು ಕಷ್ಟದ ಕೆಲಸವಲ್ಲ. ಮಳೆಗಾಲಕ್ಕೆಂದು ಮೆಣಸು, ಹುಣಸೆ, ಒಣಮೀನು, ಮುರುಗಲು, ಹಪ್ಪಳವನ್ನು ಮೊದಲೇ ತುಂಬಿಸಿಡುವುದು ಈ ಕರಾವಳಿಯ ಮನೆಗಳಿಗೆ ಯಾರೂ ಕಲಿಸಬೇಕಾದ ವಿದ್ಯೆಯೂ ಅಲ್ಲ.

ಒಟ್ಟಾಗಿ ಕೊಳ್ಳುವ, ಮಾರುವ ಪದ್ಧತಿ ನಮ್ಮ ಜಿಲ್ಲೆಗೆ ಹೊಸದಲ್ಲ. ಶಿರಸಿಯ ತೋಟಗಾರರು 1923ರಲ್ಲೇ ತಮ್ಮ ಸೇಲ್ ಸೊಸೈಟಿ ಕಟ್ಟಿಕೊಂಡರು. ಅಡಿಕೆ ಮಾರಲಿಕ್ಕೆಂದು ಹುಟ್ಟಿದ ಆ ಟಿಎಸ್‌ಎಸ್ ಇಂದು ಸೂಪರ್ ಮಾರ್ಕೆಟನ್ನೂ ನಡೆಸುತ್ತಿದೆ. ನನ್ನ ಅಕ್ಕನ ಮನೆ ಶಿರಸಿಯಲ್ಲಿ. ದೇವಿಮನೆ ಘಟ್ಟ ಹತ್ತಿ ಹೋದಾಗಲೆಲ್ಲ ಅಲ್ಲಿಗೆ ಹೋಗಿಯೇ ಬರುತ್ತೇನೆ. ಸದಸ್ಯರೇ ಮಾಲೀಕರಾದ ಇಂಥ ಸಂಸ್ಥೆಗಳು ಕಿಲೋ ದರದ ಚೀಟಿಯನ್ನು ಮೊದಲು ಹಾಕಿದರೆ ಖಾಸಗಿ ಮಳಿಗೆಗಳಿಗೂ ಹಾಕದೇ ಗತ್ಯಂತರವಿರುವುದಿಲ್ಲ. ಕರಾವಳಿಯ ಸೇವಾ ಸಹಕಾರಿ ಸಂಘಗಳೂ ತಮ್ಮ ಮಳಿಗೆಗಳಲ್ಲಿ ಇದನ್ನು ಮಾಡಬಹುದು.

ರಿಯಾಯಿತಿ ಮಳಿಗೆಗೆ ಹೋಗುವವರನ್ನು ಹಗುರವಾಗಿ ಕಾಣುವ ಮಾತುಗಳೂ ಕೆಲವು ಪತ್ರಗಳಲ್ಲಿದ್ದವು. “ಹತ್ತು ರೂಪಾಯಿಯ ಆಸೆಗೆ ಊರಿನವರನ್ನು ಮರೆತವರು” ಎಂಬಂಥ ಮಾತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಕಡೆಯ ಹೆಣ್ಣುಮಕ್ಕಳು ನಾಲ್ಕೈದು ಜನ ಸೇರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ, ಅಲ್ಲಿಯ ದೊಡ್ಡ ಮಳಿಗೆಯಿಂದ ಸಾಮಾನು ಹೊತ್ತು ತರುವುದನ್ನೂ ಕೆಲವರು ಆಡಿಕೊಳ್ಳುತ್ತಾರೆ. ಟಿಕೆಟಿನ ಖರ್ಚಿಲ್ಲದಿದ್ದರೂ ಇಡೀ ದಿನ ಅದಕ್ಕೆ ಹೋಗುತ್ತದೆ, ಅರಬೈಲ್ ಘಟ್ಟದ ತಿರುವುಗಳಲ್ಲಿ ಚೀಲ ಹಿಡಿದು ಕುಳಿತಿರಬೇಕು. ಸುಖಕ್ಕೆಂದು ಯಾರೂ ಹೀಗೆ ಮಾಡುವುದಿಲ್ಲ. ಸಂಬಳ ಇಂತಿಷ್ಟೇ ಎಂದು ಗೊತ್ತಿರುವ ಮನೆಯಲ್ಲಿ ಹತ್ತು ಸಾಮಾನಿನ ಮೇಲೆ ಹತ್ತತ್ತು ರೂಪಾಯಿ ಉಳಿದರೆ ಅದು ಮಗುವಿನ ಒಂದು ಪಠ್ಯಪುಸ್ತಕ, ಅತ್ತೆಯ ಮಾತ್ರೆಯ ಒಂದು ಪಟ್ಟಿ. ಅವರ ಕಷ್ಟವನ್ನು ಗೌರವಿಸಿ ಮಾತನಾಡಬೇಕೆಂದು ಪತ್ರ ಬರೆಯುವ ಹಿರಿಯರಲ್ಲಿ ನನ್ನ ಪ್ರಾರ್ಥನೆ.

ಬಿಲ್ಲಿನ ಬಗ್ಗೆ ಒಂದು ಮಾತು. ಹಲಗೆಯ ಮೇಲಿನ ಚೀಟಿಗೂ ಬಿಲ್ಲಿಗೂ ವ್ಯತ್ಯಾಸ ಬರುವುದುಂಟು; ನಿನ್ನೆಗೆ ಮುಗಿದ ರಿಯಾಯಿತಿಯ ಚೀಟಿ ಇವತ್ತೂ ನೇತಾಡುತ್ತಿರುತ್ತದೆ. ಹಣ ಕೊಡುವ ಮೊದಲೇ ಕೇಳಬೇಕು. ಕೇಳಿದರೆ ಹೆಚ್ಚಿನ ಕಡೆ ಸರಿಮಾಡಿಕೊಡುತ್ತಾರೆ. ಮುದ್ರಿತ ಬೆಲೆಗಿಂತ ಹೆಚ್ಚು ತೆಗೆದುಕೊಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಬಹುದು.

ಕಾನೂನು ಮಾಪನಶಾಸ್ತ್ರ ಇಲಾಖೆಯವರಲ್ಲಿ, ಜಿಲ್ಲಾಡಳಿತದಲ್ಲಿ ನನ್ನ ವಿನಂತಿ ಹೀಗಿದೆ. ನಿಯಮ ತಿದ್ದಲಿಕ್ಕೆ ದೆಹಲಿಯೇ ಬೇಕು ಎಂದು ನನಗೆ ಗೊತ್ತು. ಆದರೆ ಕಾರವಾರದಿಂದ ಭಟ್ಕಳದವರೆಗೆ, ಶಿರಸಿ, ಯಲ್ಲಾಪುರ, ದಾಂಡೇಲಿಯಲ್ಲಿರುವ ದೊಡ್ಡ ಮಳಿಗೆಗಳ ವ್ಯವಸ್ಥಾಪಕರನ್ನು ಒಂದು ದಿನ ಕರೆದು ಕೂರಿಸಿ, ಕಿಲೋ ದರವನ್ನು ಹಲಗೆಯ ಮೇಲೆ ಕನ್ನಡದಲ್ಲಿ ಬರೆಯುವಂತೆ ಕೇಳಿಕೊಳ್ಳಲಿಕ್ಕೆ ಯಾವ ತಿದ್ದುಪಡಿಯೂ ಬೇಡ. ಎಲ್ಲ ಸಾಮಾನಿಗೂ ಒಮ್ಮೆಲೇ ಆಗದಿದ್ದರೆ ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ, ಹಿಟ್ಟು, ಚಹಾ, ಸಾಬೂನಿನ ಪುಡಿ, ಇಷ್ಟರಿಂದ ಆರಂಭಿಸಲಿ. ನಮ್ಮ ಓಣಿಯ ಅಂಗಡಿಯವರಿಗೆ ನಾನೇ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಕಿಲೋ ದರದ ಪಟ್ಟಿ ಬರೆದುಕೊಟ್ಟಿದ್ದೇನೆ. ಮೊದಲು ಅವರು ಹಿಂಜರಿದರು. ಈಗ ದರ ಬದಲಾದ ದಿನ ತಾವೇ ಪೆನ್ನು ಹಿಡಿದು ತಿದ್ದುತ್ತಾರೆ. ಒಬ್ಬ ಸಣ್ಣ ವ್ಯಾಪಾರಿಗೆ ಸಾಧ್ಯವಾದದ್ದು ದೊಡ್ಡ ಮಳಿಗೆಗಳಿಗೆ ಅಸಾಧ್ಯವೇನಲ್ಲ. ಮೇ ತಿಂಗಳು ಮುಗಿಯುವುದರೊಳಗೆ ಈ ಕೆಲಸವಾದರೆ, ಮಳೆಗಾಲದ ಸಾಮಾನು ಕೊಳ್ಳುವ ಹೊತ್ತಿಗೆ ಈ ವರ್ಷವೇ ಜನರಿಗೆ ಉಪಯೋಗವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಊಟದ ಡಬ್ಬಿ ನಡೆಸುವ ಗೃಹಿಣಿ,
ಕುಮಟಾ, ಉತ್ತರ ಕನ್ನಡ